ಕತ್ತಲ ಕೋಣೆಯ ಹಸಿರು

"ರೆಪ್ಪೆಗೂದಲು ಗಾಜಿಗೆ ತಾಗಿಸ್ಬೇಡಮ್ಮ," ಎಂದಳು ಮಗಳು.

"ತಾಗೋಕೆ ರೆಪ್ಪೆಗೂದಲು ಎಲ್ಲಿ ಉಳಿದಿದೆ ಕಣೇ!" ತಾಯಿ ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಗಿಮಾಡಿಕೊಂಡು ಸೂಕ್ಷ್ಮದರ್ಶಕಕ್ಕೆ ಬಾಗಿದಳು.

ಕ್ಯಾನ್ಸರ್ ಸಂಶೋಧನಾಲಯದಲ್ಲಿ ಮಗಳ ಬೇಸಿಗೆ ತರಬೇತಿಗೆ ಅಂದು ಕೊನೆಯ ದಿನ. ವಿದ್ಯಾರ್ಥಿಗಳು ಮನೆಯವರನ್ನು ಕರೆತಂದು ತಮ್ಮ ಕೆಲಸ ತೋರಿಸಬಹುದಿತ್ತು. ಆದರೆ ಈಕೆ ಕರೆತಂದ ಕಾರಣವೇ ಬೇರೆ. ತಾಯಿಯ ಗಡ್ಡೆ ಕರಗಿತ್ತು. ಇನ್ನೂ ಕೆಲವು ಸುತ್ತು ಔಷಧ ಬೇಕೆಂದು ವೈದ್ಯರು ಹೇಳಿದ್ದೇ ತಡ, "ಇಲ್ಲದ ಹಗೆಗೆ ಎಷ್ಟು ಸಲ ಕತ್ತಿ ಬೀಸೋದು? ಬಾಯೆಲ್ಲ ಹುಣ್ಣಾಗಿ ಒಂದು ಪದ್ಯ ಹೇಳೋಕಾಗ್ತಿಲ್ಲ" ಎಂದು ಆಕೆ ಪಟ್ಟು ಹಿಡಿದು ಕೂತಿದ್ದಳು. ಔಷಧದ ಪ್ರತಾಪವನ್ನು ಕಣ್ಣಾರೆ ಕಂಡರೆ ಒಪ್ಪಿಯಾಳೆಂದು ಮಗಳ ಆಸೆ.

ಕ್ಯಾನ್ಸರ್ ಕೋಶಗಳನ್ನು ಬೆಳೆಸಿದ್ದ ಎರಡು ಗಾಜಿನ ತಟ್ಟೆಗಳಲ್ಲಿ ಮೊದಲನೆಯದಕ್ಕೆ ಔಷಧ ಸೋಕಿರಲಿಲ್ಲ. ಬಣ್ಣ ಹೀರಿಕೊಂಡ ಜೀವಕೋಶಗಳು, ಕಾರಿರುಳಲ್ಲಿ ಊರಿಗೆ ಊರೇ ದೀಪ ಹಚ್ಚಿ ಕೂತಂತೆ, ಹಸಿರು ಹಸಿರಾಗಿ ಬೆಳಗುತ್ತಿದ್ದವು.

"ಇದೇನಾ ಅದು? ಇಷ್ಟು ಚೆಂದ ಇರುತ್ತಾ? ಇವಕ್ಕೆ ಊಟ ಹಾಕೋರ್ಯಾರು?"

"ನಾನೇ. ಭಾನುವಾರವೂ ಬಂದು ಹಾಕ್ತೀನಿ."

"ಭಲೇ! ಮನೇಲಿ ಒಂದು ದಿನ ಅನ್ನಕ್ಕಿಟ್ಟವಳಲ್ಲ, ಇಲ್ಲಿ ಬಂದು ಕ್ಯಾನ್ಸರಿಗೆ ಬಡಿಸ್ತಿದ್ದೀಯಾ!"

ಮಗಳು ನಗುತ್ತಲೇ ಎರಡನೆಯ ತಟ್ಟೆಯನ್ನಿಟ್ಟಳು. ಇದಕ್ಕೆ ಔಷಧ ಬಿದ್ದಿತ್ತು. ಸತ್ತ ಕೋಶಗಳು ಕೆಂಪಾಗಿ, ಆರಿದ ಕೆಂಡದಂತೆ ಚದುರಿದ್ದವು. ಒಂದೂ ಹಸಿರು ಕಾಣದ ಜಾಗವನ್ನು ಆಕೆ ಬೆಳಿಗ್ಗೆಯೇ ಹುಡುಕಿ ಗುರುತಿಟ್ಟುಕೊಂಡಿದ್ದಳು.

"ನೋಡಿದ್ಯಾ? ಒಂದೇ ಸಲದ ಔಷಧಕ್ಕೆ ಎಲ್ಲ ಹೋದ್ವು."

"ನಾನೂ ಅದನ್ನೇ ಬಡ್ಕೊಳ್ತಿರೋದು. ಒಂದೇ ಸಲಕ್ಕೆ ಹೋಗೋದಾದ್ರೆ ನಂದೂ ಹೋಗಿದೆ. ಸತ್ತ ಹಾವನ್ನ ಮತ್ತೆ ಮತ್ತೆ ಹೊಡೆಯೋದ್ಯಾಕೆ?"

ಅಷ್ಟರಲ್ಲಿ ಆಸರೆಗೆಂದು ಚಾಚಿದ ತಾಯಿಯ ಕೈ ಪಕ್ಕದ ತಿರುಪಿಗೆ ತಗುಲಿ ತಟ್ಟೆ ಒಂದಿಷ್ಟು ಸರಿಯಿತು.

"ಇರು. ಇಲ್ಲೊಂದು ಹಸಿರು ಮಿನುಗ್ತಿದೆ. ಓ, ಅಲ್ಲೂ ಒಂದು."

ಧೂಳು ಎಂದುಬಿಡಬಹುದಿತ್ತು. ಔಷಧಕ್ಕೂ ಬಗ್ಗದವು ಉಳಿದಿವೆ ಎಂದರೆ ಅಮ್ಮ ಇನ್ನೆಂದೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಆದರೂ ಮಗಳು ನಿಜವನ್ನೇ ಹೇಳಿದಳು.

"ಅವು ಬದುಕಿವೆ ಅಮ್ಮ. ಬರಿಗಣ್ಣಿಗೆ ಕಾಣಲ್ಲ."

"ಹಾಗೇ ಬಿಟ್ರೆ?"

"ಮತ್ತೆ ತಟ್ಟೆ ತುಂಬ ಆಗ್ತವೆ."

ಯಂತ್ರದ ಸಣ್ಣ ಗುಂಯ್‌ಗುಟ್ಟುವಿಕೆಗೆ ಶ್ರುತಿ ಹಿಡಿದಂತೆ ತಾಯಿಯ ಹುಣ್ಣುತುಟಿ ಏನನ್ನೋ ಸದ್ದಿಲ್ಲದೆ ಹೇಳಿಕೊಳ್ಳುತ್ತಿತ್ತು. ಆಮೇಲೆ ಆಕೆ, "ಸೋಮವಾರ ಬರ್ತಾಳಂತೆ ಅಂತ ಡಾಕ್ಟರಿಗೆ ಹೇಳ್ಬಿಡು," ಎಂದಳು.

ಮಗಳು ಕಣ್ಣೊರೆಸಿಕೊಂಡು ದೀಪ ಹಾಕಲು ಹೋದಳು. ತಾಯಿ ಕೈಯೆತ್ತಿ ತಡೆದಳು. ಮುಖ ಇನ್ನೂ ಗಾಜಿನ ಮೇಲೇ ಇತ್ತು.

"ಪಾಪ, ಸಾಕು ಅನ್ನೋ ಒಂದು ಮಾತನ್ನ ಇವಕ್ಕೆ ಯಾರೂ ಕಲಿಸ್ಲೇ ಇಲ್ವೇನೇ?"