ಕೋವಿಯ ಕಣ್ಣು

“ಒಂದೇ ಒಂದು ಕೊಡಿ. ಹಂದಿಗೂ ಅದೇ, ನರಿಗೂ ಅದೇ, ಕಾಲು ಮುರಿದುಕೊಂಡು ಒದ್ದಾಡೋ ಹಸುವಿಗೂ ಅದೇ ಆಗಬೇಕು,” ಎಂದಳು ಸೊಸೆ, ಅಂಗಡಿಯ ಮೆಟ್ಟಿಲಿಗೆ ಚಪ್ಪಲಿಯ ಕೆಸರು ಕೆರೆಯುತ್ತಲೇ.

ಕೋವಿ ಅಂಗಡಿಯವನು ನಕ್ಕ. “ಎಲ್ಲಾ ಕಾಯಿಲೆಗೂ ಒಂದೇ ಮಾತ್ರೆ ಕೇಳಿದ ಹಾಗಾಯ್ತಲ್ಲಮ್ಮ!”

“ಲೈಸೆನ್ಸು ಒಂದಕ್ಕೇ ಸಿಕ್ಕಿರೋದು. ನಿಮ್ಮಂಥವರಿಗೆ ಅಷ್ಟು ಕೊಟ್ಟಿದ್ದೇ ಹೆಚ್ಚು ಅಂದರು ಆಫೀಸಿನವರು.”

“ಹಿಡಿಯೋರು ಯಾರು? ಯಜಮಾನರಾ?”

“ಅವರು ವಾರವೆಲ್ಲ ಲಾರಿ ಮೇಲೆ. ಹಂದಿ ಅವರ ರಜೆ ನೋಡಿಕೊಂಡು ಬರುತ್ತಾ? ನಾನೇ.”

ಅವನು ಗೋಡೆಯಿಂದ ಒಂದೊಂದನ್ನೇ ಇಳಿಸಿದ. ಸಣ್ಣದು ನರಿಗೆ ಸರಿ, ಹಂದಿಗೆ ಬರೀ ಕಚಗುಳಿ. ದೊಡ್ಡದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ, ಹೊಡೆದವರ ಭುಜವೂ ಉಳಿಯುವುದಿಲ್ಲ. ಕೊನೆಗೆ ನಡುತರದ ರೈಫಲ್ ಒಂದನ್ನು ಮೇಜಿನ ಮೇಲಿಟ್ಟ. ಮರದ ಹಿಡಿ, ಎಳೆದು ತಳ್ಳುವ ಬೋಲ್ಟು, ಮೇಲೊಂದು ಕಪ್ಪು ಕೊಳವೆ. ಬೇರೆ ಥಳಕಿಲ್ಲ. ಸೊಸೆ ಅದನ್ನು ಭುಜಕ್ಕೆ ಕೊಟ್ಟಳು. ಅವಳ ಅಳತೆಗೇ ಹೊಲಿದ ಅಂಗಿಯಂತೆ ಕೂತಿತು. ಮರದ ಹಿಡಿ ತಣ್ಣಗೆ ಕೆನ್ನೆಗೆ ತಾಗಿತು. “ಅತ್ತೆ, ಇದೇ,” ಎಂದಳು ಮೆಲ್ಲಗೆ.

ಬಾಗಿಲ ಬಳಿಯ ಸ್ಟೂಲಿನಲ್ಲಿದ್ದ ಅತ್ತೆ ಬಂದದ್ದೇ ಬೇಡವೆನ್ನಲು. ಅವಳು ಹೂಂ ಎನ್ನದೆ ಕೋವಿ ಆ ಮನೆಯ ಹೊಸಿಲು ದಾಟುವಂತಿರಲಿಲ್ಲ. ವರ್ಷಗಳ ಹಿಂದೆ, ಊರಿನ ಬಂಗಲೆಯ ಧಣಿಯ ಬೇಟೆಗೆ ಡಬ್ಬ ಬಡಿದು ಹಂದಿ ಎಬ್ಬಿಸಲು ಹೋಗಿದ್ದ ಅವಳ ಗಂಡ ಧಣಿಯ ಗುಂಡಿಗೇ ಬಲಿಯಾಗಿದ್ದ. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದ ಹೊತ್ತು. ‘ಹಂದಿ ಅಂದುಕೊಂಡೆ, ಕಾಣಲಿಲ್ಲ’ ಎಂದ ಧಣಿ. ಪೊಲೀಸರು ನಂಬಿದರು, ಊರು ನಂಬಿತು. ಅದೇ ಬಂಗಲೆಯಲ್ಲಿ ಕಸ ಮುಸುರೆ ಮಾಡಿಕೊಂಡಿದ್ದ ಅವಳೂ ನಂಬಿದಳು. ದೊಡ್ಡವರ ಮಾತನ್ನು ನಂಬುವುದೂ ಆ ಕೆಲಸದ ಒಂದು ಭಾಗವೇ ಆಗಿತ್ತು.

“ಕೋವಿಗೆ ಕಣ್ಣಿಲ್ಲ ಕಣೇ,” ಎಂದಳು ಅತ್ತೆ. “ಅಂಗಳದಲ್ಲಿ ಮಗು ಆಡ್ತಿರುತ್ತೆ.”

“ಹಂದಿಗಿದೆಯಾ ಕಣ್ಣು? ಮೊನ್ನೆ ತೊಟ್ಟಿಲು ಉರುಳಿಸಿಕೊಂಡೇ ಹೋಯ್ತಲ್ಲ! ಮಗು ನಿಮ್ಮ ತೊಡೆ ಮೇಲಿತ್ತು, ಬದುಕಿತು. ದಿನಾ ತೊಡೆ ಮೇಲೇ ಇಟ್ಕೊಂಡಿರ್ತೀರಾ?”

ಅತ್ತೆ ಎದ್ದು ಬಂದು ಕೋವಿಯ ಮೇಲಿನ ಕೊಳವೆಯನ್ನು ಬೆರಳಿಂದ ಮುಟ್ಟಿದಳು. “ಈ ಟಾರ್ಚು ಇದಕ್ಕೂ ಇದೆಯಾ?”

“ಟಾರ್ಚಾ? ಯಾವ ಟಾರ್ಚು ತಾಯಿ?”

“ಇದೇ ಕಣಪ್ಪ. ಬಂಗಲೆಯ ಧಣಿಯ ಬೇಟೆ ಕೋವಿಗೂ ಇತ್ತು. ಎರಡು ಕಡೆ ಗಾಜು. ಎಷ್ಟು ವರ್ಷ ಒರೆಸಿದ್ದೀನಿ! ಒಂದು ಬೆರಳಿನ ಗುರುತು ಉಳಿದರೂ ಅಮ್ಮಾವರ ಬೈಗುಳ. ರಾತ್ರಿ ಬೇಟೆಗೆ ಬೆಳಕು ಬಿಡೋದು ಅಂದುಕೊಂಡಿದ್ದೆ.”

“ಒಂದು ಸಲಾನೂ ಕಣ್ಣಿಟ್ಟು ನೋಡಲಿಲ್ವಾ?”

“ಒರೆಸೋದು ನಮ್ಮ ಕೆಲಸ. ನೋಡೋದು ಅವರದು.”

ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. ಬೋಲ್ಟನ್ನು ಪೂರ್ತಿ ಕಿತ್ತಿಟ್ಟು, ಕೋವಿಯೊಳಗೆ ಏನೂ ಇಲ್ಲವೆಂದು ತೋರಿಸಿ, ಹಿಂಬಾಗಿಲಾಚೆಯ ಕಟ್ಟೆಯ ಮೇಲೆ ಮರಳಿನ ಚೀಲಕ್ಕೆ ಒರಗಿಸಿಟ್ಟ. “ಟಾರ್ಚಲ್ಲ ತಾಯಿ, ದುರ್ಬೀನು. ಬನ್ನಿ, ಕಣ್ಣಿಡಿ. ಆ ಒಂಟಿ ಮರ ನೋಡಿ.”

ಅತ್ತೆ ಬಗ್ಗಿದಳು. ಮರುಕ್ಷಣ ಹಾವು ಕಂಡವಳಂತೆ ಹಿಂದೆ ಸರಿದಳು, ಮತ್ತೆ ಬಗ್ಗಿದಳು. “ಅಯ್ಯೋ! ಮರ ಮೂಗಿನ ಮೇಲೇ ಬಂತಲ್ಲೇ! ಎಲೆ ಎಲೆ ಬೇರೆ ಬೇರೆ... ಇರುವೆ ಹತ್ತುತ್ತಿದೆ ನೋಡು, ಇರುವೆ!” ಅರವತ್ತು ದಾಟಿದ ಹೆಂಗಸು ಮಗುವಿನಂತೆ ನಕ್ಕಳು. ಹೊಲದಾಚೆ, ಬರಿಗಣ್ಣಿಗೆ ಬೆಂಕಿಪೊಟ್ಟಣದಷ್ಟು ಕಾಣುತ್ತಿದ್ದ ಶೆಡ್ಡಿನ ಸೂರಿನ ಕಡೆಗೆ ಅವಳ ಕೈಯಲ್ಲಿ ಕೊಳವೆ ತಾನಾಗಿ ಹೊರಳಿತು. “ಅಲ್ಲೊಬ್ಬ ತಗಡು ಹೊಡೀತಾ ಇದ್ದಾನೆ. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದಾನೆ ಕಣೇ! ಅಂಗಿಯ ಗುಂಡಿ ಒಂದು ಹೋಗಿದೆ. ಕುತ್ತಿಗೆ ಬೆವರು ಹೊಳೀತಾ ಇದೆ. ನೊಣ ಓಡಿಸಿಕೊಂಡ...”

ಕೊಳವೆಯೊಳಗೆ ಸುತ್ತಿಗೆ ಏರಿತು, ಇಳಿಯಿತು. ಅದರ ಸದ್ದು ಮಾತ್ರ ಹೊಲ ದಾಟಿ ತಡವಾಗಿ ಬಂದು ಮುಟ್ಟಿತು. ಅತ್ತೆ ಕಣ್ಣು ತೆಗೆಯಲಿಲ್ಲ.

“ಹಗಲಲ್ಲೂ ಇಷ್ಟು ಕಾಣುತ್ತಾ?” ಎಂದಳು.

“ಹಗಲಲ್ಲೇ ತಾಯಿ ಚೆನ್ನಾಗಿ ಕಾಣೋದು,” ಎಂದವನು ಆಗಷ್ಟೇ ಕೋವಿ ಯಾವ ಕಡೆಗಿದೆಯೆಂದು ಗಮನಿಸಿದ. “ಅಯ್ಯಯ್ಯೋ, ಮನುಷ್ಯರ ಕಡೆ ತಿರುಗಿಸಬಾರದು!”

“ಗುಂಡಿಲ್ಲ ಅಂದ್ಯಲ್ಲಪ್ಪ.”

“ಇಲ್ಲದಿದ್ದರೂ ತಿರುಗಿಸಬಾರದು. ಕೋವಿ ಹಿಡಿಯೋರಿಗೆ ಮೊದಲನೇ ಪಾಠವೇ ಅದು.”

“ಎಲ್ಲರಿಗೂ ಹೇಳಿಕೊಡ್ತೀಯಾ? ಬಂಗಲೆಯವರಿಗೂ?”

“ಯಾರಾದರೇನು ತಾಯಿ, ಪಾಠ ಒಂದೇ.”

ಅತ್ತೆ ನಿಧಾನವಾಗಿ ಬೆನ್ನು ನೇರ ಮಾಡಿದಳು. ಸೊಸೆ ಹತ್ತಿರ ಹೋಗಿ ತೋಳು ಹಿಡಿದಳು. ತೋಳು ಹಗ್ಗದಂತೆ ಬಿಗಿದುಕೊಂಡಿತ್ತು. “ಅತ್ತೆ, ಬೇಡ ಅಂದ್ರೆ ಬೇಡ. ಬೇಲಿ ಇನ್ನಷ್ಟು ಗಟ್ಟಿ ಮಾಡೋಣ, ಹೋಗೋಣ ನಡೀರಿ,” ಎಂದಳು.

ವ್ಯಾಪಾರ ಕೈತಪ್ಪುವ ಹೆದರಿಕೆಗೆ ಅಂಗಡಿಯವನು ಸ್ಕ್ರೂಡ್ರೈವರ್ ಎತ್ತಿಕೊಂಡ. “ದುರ್ಬೀನು ಕಂಡು ಗಾಬರಿಯಾದರೋ ಏನೋ. ಬಿಚ್ಚಿಟ್ಟುಬಿಡ್ತೀನಿ. ಅಂಗೈ ಅಗಲದ ಹೊಲ ನಿಮ್ಮದು, ಬರಿಗಣ್ಣೇ ಸಾಕು.”

ಅತ್ತೆ ಅಂಗೈ ಚಾಚಿ ಕೊಳವೆಯನ್ನು ಮುಚ್ಚಿದಳು.

“ಅದಿರಲಿ. ಕೋವಿ ತಗೊಳ್ತೀವಿ. ನಮ್ಮ ಮನೇಲಿ ಯಾರೂ ‘ಕಾಣಲಿಲ್ಲ’ ಅನ್ನೋ ಹಾಗಿರಬಾರದು.”