ನಾಲ್ಕು ವರ್ಷದ ಪರೀಕ್ಷಕಿ

ಮಕ್ಕಳ ವಾರ್ಡಿನ ನರ್ಸ್ ಆಗುವವರಿಗೆ ಕೊನೆಯ ಪರೀಕ್ಷೆಯಲ್ಲಿ ಅಂಕ ಹಾಕುವವರು ಮಕ್ಕಳೇ. ಸುಳ್ಳು ಹೇಳಿದರೆ ಅಲ್ಲಿಗೇ ಫೇಲು. ‘ಇರುವೆ ಕಚ್ಚಿದ ಹಾಗೆ, ಅಷ್ಟೇ’ ಎಂದು ಅಭ್ಯಾಸಬಲದಿಂದ ಅಂದು ಶಾಂಭವಿ ಎರಡು ಸಲ ಡುಮ್ಕಿ ಹೊಡೆದಿದ್ದಳು.

ಈ ಸಲದ ಪರೀಕ್ಷಕಿ ನಾಲ್ಕು ವರ್ಷದ ಇಂಚರ. ಕೆಂಪು ಪೆನ್ಸಿಲು ಹಿಡಿದೇ ತೋಳು ಚಾಚಿದಳು.

“ಇಂಜೆಕ್ಷನ್ ನೋಯುತ್ತಾ?”

“ನೋಯುತ್ತೆ ಮೇಡಂ. ಹತ್ತು ಎಣಿಸೋವರೆಗೆ.”

“ನಂಗೆ ಐದರವರೆಗೇ ಬರೋದು.”

“ಹಾಗಾದ್ರೆ ಐದನ್ನೇ ಎರಡು ಸಲ ಎಣಿಸಿ.”

ಎಣಿಸಿ ಮುಗಿಸುವಷ್ಟರಲ್ಲಿ ಪರೀಕ್ಷಕಿಯ ಕೆನ್ನೆಯೆಲ್ಲ ಒದ್ದೆಯಾಗಿತ್ತು. ಆದರೂ ಮೂಗು ಒರೆಸಿಕೊಂಡು ಹಾಳೆಯ ಮೇಲೆ ದೊಡ್ಡದೊಂದು ರೈಟು ಹಾಕಿದಳು.

ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದ ಅಪ್ಪ ಮೆಲ್ಲಗೆ ಕೇಳಿದ, “ತುಂಬಾ ನೋಯ್ತಾ ಮಗಳೇ?”

ಇಂಚರ ಶಾಂಭವಿಯತ್ತ ಒಮ್ಮೆ ಕಳ್ಳನೋಟ ಬೀರಿ, ಅಪ್ಪನ ಕೈ ಹಿಡಿದಳು.

“ಇಲ್ಲಪ್ಪ. ಇರುವೆ ಕಚ್ಚಿದ ಹಾಗೆ, ಅಷ್ಟೇ.”