ಮಂಡಿಯ ಪಕ್ಕದ ತುತ್ತು

ಸಾಮಿಲ್ಲಿನಲ್ಲಿ ಬಲಗೈ ಕಳೆದುಕೊಂಡ ತಿಪ್ಪಯ್ಯನಿಗೆ ಡಾಕ್ಟರು ಮೊಣಕೈಯಿಂದ ಕೆಳಕ್ಕೆ, ತೀರಿಕೊಂಡ ಯಾರೋ ಹೆಂಗಸಿನ ಕೈ ಕೂಡಿಸಿ ಹೊಲಿದಿದ್ದರು. ಕೈಯೇನೋ ಚೆನ್ನಾಗಿಯೇ ಕೂಡಿಕೊಂಡಿತು. ಆದರೆ ಅನ್ನ ಕಲಸಿದರೆ ತುತ್ತು ಅವನ ಬಾಯಿಗೆ ಬಾರದೆ ಮಂಡಿಯ ಪಕ್ಕಕ್ಕೆ ಹೋಗಿ ನಿಲ್ಲುತ್ತಿತ್ತು.

“ಮಗೂಗೆ ಉಣ್ಣಿಸಿದ ಕೈ ಕಣಪ್ಪಾ, ರೂಢಿ ಬಿಟ್ಟಿಲ್ಲ. ಎಲ್ಲಾ ಕೈಗೂ ಇಂಥದೊಂದು ಇದ್ದೇ ಇರುತ್ತೆ,” ಎಂದರು ಡಾಕ್ಟರು. “ನಾಳೆ ಬಾ. ಮಣಿಕಟ್ಟಲ್ಲಿ ಒಂದು ಎಳೆ ನರ ಕತ್ತರಿಸಿದ್ರೆ ಮರ್ತುಬಿಡುತ್ತೆ.”

ತಿಪ್ಪಯ್ಯ ಮನೆಗೆ ಬಂದು ಎಂದಿನಂತೆ ಒಬ್ಬನೇ ಉಣ್ಣಲು ಕೂತ. ತುತ್ತು ಮಂಡಿಯ ಪಕ್ಕದಲ್ಲಿ ಕಾಯುತ್ತಾ ನಿಂತಿತು. ತಬ್ಬಲಿಯಾಗಿ ಬೆಳೆದ ಅವನಿಗೆ ಯಾರೂ ಕೈತುತ್ತು ಕೊಟ್ಟವರಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಮಗುವಿನ ಎತ್ತರಕ್ಕೆ ಬಗ್ಗಿ ಬಾಯಿ ತೆರೆದ.

ತುತ್ತಿಟ್ಟ ಕೈ, ಹೆಬ್ಬೆರಳಿನಿಂದ ಅವನ ತುಟಿ ಒರೆಸಿತು.